ಪೇಟಿ ಊರಾಗ ಪಿಯಾನೋ ಕಲಿಯೋದು ಹೆಂಗ

ನಮ್ಮ ಹುಬ್ಬಳ್ಳಿ-ಧಾರವಾಡದಾಗ ಯಾರರ ಪಿಯಾನೋ ಕಲೀತೇನಿ ಅಂದ್ರ ಮನ್ಯಾಗ ಹಿರಿಯರು ಕೇಳೋದು ಒಂದ ಮಾತು, ಪೇಟಿ (ಹಾರ್ಮೋನಿಯಂ) ಕಲಿಯೋದು ಬಿಟ್ಟು ಇದ್ಯಾಕ ಬೇಕು ನಿನಗ ಅಂತ. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಹಾಡಿದ ಊರು ಇದು, ಪಕ್ಕದ ಗದಗಿನಾಗ ವೀರೇಶ್ವರ ಪುಣ್ಯಾಶ್ರಮ, ಹಿಂಗಾಗಿ ಅವರು ಕೇಳೋದೂ ಖರೇನ. ಆದ್ರ ಇದರಾಗ ನಮಗೊಂದು ಲಾಭ ಐತಿ, ಭಾಳ ಮಂದಿ ಅದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ. ಪೇಟಿ ಮ್ಯಾಲಿನ ಮನಿ (ಬೆರಳಿಲೆ ಒತ್ತೋ ಪಟ್ಟಿ, ಕೀ), ಪಿಯಾನೋ ಮ್ಯಾಲಿನ ಮನಿ ಎರಡೂ ಒಂದ ಜೋಡಣಿ. ಭಜನಿ ಮಂಡಳಿ ಪೇಟಿ ಮುಂದ ಕುಂತವರಿಗೆ, ಇಲ್ಲಾ ಸಾಲ್ಯಾಗ ಸಾರೇಗಮ ಹಾಡಿದವರಿಗೆ ಅರ್ಧ ಥಿಯರಿ ಆಗಲೇ ಕಿವ್ಯಾಗ ಕುಂತಿರ್ತೈತಿ, ಅದರ ಇಂಗ್ಲಿಷ್ ಹೆಸರು ಅಷ್ಟ ಗೊತ್ತಿರಂಗಿಲ್ಲ.

ಪೇಟಿ ಏನು ಕಲಿಸಂಗಿಲ್ಲ ಅಂದ್ರ ಎಡಗೈ. ಅದು ಬರೇ ಭಾತೆ, ಅಂದ್ರ ಗಾಳಿ ತಿದಿ, ಹಾಕಿಕೋತ ಕುಂತಿರ್ತೈತಿ. ಅದರ ಜೋಡಿ ಹೆಬ್ಬೆರಳು ತಿರುಗಿಸೋದು, ಮನಿ ಎಷ್ಟು ಜೋರ ಒತ್ತಬೇಕು ಅನ್ನೋದು, ಇವೂ ಪೇಟಿ ಮ್ಯಾಲ ಬರಂಗಿಲ್ಲ. ನನ್ನ ಕೇಳಿದ್ರ ನಮ್ಮ ಕಡೆ ಹೊಸದಾಗಿ ಕಲಿಯೋರು ಮೊದಲ ಮೂರು ತಿಂಗಳು ಇದರ ಮ್ಯಾಲನ ಜಾಸ್ತಿ ಟೈಮ್ ಹಾಕಬೇಕು. ಪೇಟಿ ಕೈಲೆ ಮುಟ್ಟಿಲ್ಲ ಅನ್ನೋರಿಗೂ ದಾರಿ ಇದ, ಬಲಗೈಗೆ ಸ್ವಲ್ಪ ಹೆಚ್ಚು ದಿನ ಬೇಕಾಗ್ತಾವು ಅಷ್ಟ.

ಮೊದಲು ವಾದ್ಯ

ಖರೇ ಪಿಯಾನೋ, ಅಂದ್ರ ಒಳಗ ತಂತಿ ಸುತ್ತಿಗಿ ಇರೋದು, ಮೊದಲಿಗೆ ಬ್ಯಾಡ್ರಿ. ಅದರಾಗ 88 ಮನಿ, 200ರ ಮ್ಯಾಲ ತಂತಿ ಇರ್ತಾವು, ವರ್ಷಕ್ಕ ಒಂದೆರಡು ಸಲ ಟ್ಯೂನರ್ ಕರೆಸಬೇಕು, ಮತ್ತ ಧಾರವಾಡದ ಮಳಿಗಾಲಕ್ಕ ಕಟಗಿ ಹಿಗ್ಗಿ ಬ್ಯಾಸಗಿಗೆ ಕುಗ್ಗಿ ಶ್ರುತಿ ಓಡಿ ಹೋಗ್ತೈತಿ. 61 ಮನಿ ಕೀಬೋರ್ಡ್ ಸಾಕು, ರೊಕ್ಕ ಇದ್ರ 88 ಮನಿ ಡಿಜಿಟಲ್ ಪಿಯಾನೋ. ಯಮಹಾ ಇರ್ಲಿ ಕ್ಯಾಸಿಯೋ ಇರ್ಲಿ, ನೋಡಬೇಕಾದ್ದು ಟಚ್ ಸೆನ್ಸಿಟಿವ್ ಐತೋ ಇಲ್ಲೋ ಅನ್ನೋದು. ಅಂಗಡ್ಯಾಗ ನಿಂತು ಒಂದ ಮನಿನ್ನ ಮೊದಲು ಮೆಲ್ಲಕ ಒತ್ರಿ, ಆಮ್ಯಾಲೆ ಜೋರಾಗಿ ಒತ್ರಿ. ಎರಡೂ ಸಲ ಅಷ್ಟ ಸೌಂಡ್ ಬಂತಂದ್ರ ವಾಪಸ್ ಇಡ್ರಿ, ಅದರ ಮ್ಯಾಲ ಕಲಿತ ಕೈ ಮುಂದ ಪಿಯಾನೋಕ್ಕ ಕೂಡಂಗಿಲ್ಲ. ಪೇಟ್ಯಾಗ ಸಣ್ಣದು ದೊಡ್ಡದು ಮಾಡೋದು ಗಾಳಿ, ಪಿಯಾನೋದಾಗ ಮಾಡೋದು ಬೆರಳು. 1700ರ ಆಸುಪಾಸು ಇಟಲ್ಯಾಗ ಕ್ರಿಸ್ಟೋಫೋರಿ ಅನ್ನೋರು ಈ ವಾದ್ಯ ಮಾಡಿದ್ದರ ಹಿಂದನೂ ಇದ ಹಿಕಮತ್ತು ಐತಿ, ಆಗಿನ ಹಾರ್ಪ್ಸಿಕಾರ್ಡ್ ತಂತಿ ಚಿವುಟ್ತಿತ್ತು, ಎಷ್ಟು ಒತ್ತಿದ್ರೂ ಸೌಂಡ್ ಹೆಚ್ಚೂಕಮ್ಮಿ ಒಂದ ಥರ, ಅವರು ಚಿವುಟೋದು ಬಿಟ್ಟು ಸುತ್ತಿಗಿಲೆ ಹೊಡಿಯೋ ಹಂಗ ಮಾಡಿದ್ರು.

ಸಣ್ಣ ಹುಡುಗರ ಆಟಿಗಿ ಕೀಬೋರ್ಡ್, 32 ಇಲ್ಲಾ 37 ಸಣ್ಣ ಮನಿದು, ಬ್ಯಾಡ. ಬೆರಳಿನ ಅಂತರ ತಪ್ಪಾಗಿ ಕೂಡ್ತೈತಿ, ಆಮ್ಯಾಲೆ ಬಿಡ್ಸೋದು ತ್ರಾಸ. 500 ಟೋನ್ ಅದಾವು 200 ರಿದಮ್ ಅದಾವು ಅಂತ ಅಂಗಡಿಯವರು ಹೇಳೋದಕ್ಕ ಮರುಳಾಗಬ್ಯಾಡ್ರಿ, ನೀವು ಮೊದಲ ವರ್ಷ ಬಳಸೋದು ಒಂದ ಪಿಯಾನೋ ಟೋನ್. ಸಸ್ಟೇನ್ ಪೆಡಲ್ (ಬೆರಳು ಬಿಟ್ಟ ಮ್ಯಾಲೂ ಸ್ವರ ಹಿಡಿದಿಡೋದು) ಹಚ್ಚೋ ಜಾಗಾ, ಹೆಡ್‌ಫೋನ್ ಜಾಗಾ ಇರ್ಲಿ, ಬ್ಯಾಟರಿ ಮ್ಯಾಲೂ ನಡೀತಿದ್ರ ಇನ್ನೂ ಚಲೋ, ಯಾಕಂದ್ರ ಪ್ರಾಕ್ಟೀಸ್‌ಗೆ ಕುಂತಾಗನ ಕರೆಂಟ್ ಹೋಗೋದು. ಮ್ಯಾಲೊಂದು ಅರಬಿ ಹೊದಿಸಿ ಇಡ್ರಿ, ಹುಬ್ಬಳ್ಳಿ ಧೂಳ ನಿಮಗ ಗೊತ್ತ ಐತಿ.

ಇನ್ನೊಂದು, ಪೇಟಿ ಬಾರಿಸೋ ರೂಢಿ ಇದ್ದವರು ಕೀಬೋರ್ಡ್‌ನ್ನ ಚಾಪಿ ಮ್ಯಾಲ ಇಟ್ಟು ಚಕ್ಕಳಮಕ್ಕಳ ಹಾಕಿ ಕುಂದರ್ತಾರ, ಮಾಡಬ್ಯಾಡ್ರಿ. ಸ್ಟ್ಯಾಂಡ್ ಇಲ್ಲಂದ್ರ ಟೇಬಲ್ ಮ್ಯಾಲ ಇಟ್ಟು, ಮೊಳಕೈ ಮನಿ ಮಟ್ಟಕ್ಕ ಬರೋ ಹಂಗ ಕುರ್ಚಿ ಮ್ಯಾಲ ದಿಂಬು ಹಾಕ್ಕೊಂಡು ಕುಂದರ್ರಿ. ಮಣಿಕಟ್ಟು ಕೆಳಗ ಬಿದ್ದಿದ್ರ ಅರ್ಧ ತಾಸಿನಾಗ ನೋವು ಶುರು ಆಗ್ತೈತಿ.

ಮನಿ ಗುರ್ತು ಹಿಡಿಯೋದು

ಕರಿ ಮನಿ ಎರಡರ ಗುಂಪು, ಮೂರರ ಗುಂಪು ಅಂತ ಅದಾವು. ಎರಡರ ಗುಂಪಿನ ಎಡಕ್ಕ ಹತ್ತಿ ಇರೋ ಬಿಳಿ ಮನಿ ಸಿ, ಮೂರರ ಗುಂಪಿನ ಎಡಕ್ಕ ಇರೋದು ಎಫ್. ಇವೆರಡು ಗುರ್ತು ಸಿಕ್ರ ಉಳಿದಿದ್ದು ಸಾಲಾಗಿ ಸಿ, ಡಿ, ಇ, ಎಫ್, ಜಿ, ಎ, ಬಿ, ಮತ್ತ ಸಿ. ಕರಿ ಬಿಳಿ ಸೇರಿ 12, ಅಲ್ಲಿಂದ ಮತ್ತ ಮೊದಲಿಂದ. ಮನಿ ಮ್ಯಾಲ ಸ್ಟಿಕರ್ ಹಚ್ಚಬ್ಯಾಡ್ರಿ, ಕಣ್ಣು ಸ್ಟಿಕರ್‌ಗೆ ಅಂಟ್ಕೋತೈತಿ, ಕರಿ ಗುಂಪು ನೋಡೋದ ಬಿಟ್ಟು ಬಿಡ್ತೈತಿ.

ನಮ್ಮ ಗವಾಯಿಗಳ ಲೆಕ್ಕಕ್ಕ ಕೂಡಿಸಿ ನೋಡ್ರಿ. ಪಾಂಢರಿ ಅಂದ್ರ ಬಿಳಿ ಮನಿ, ಕಾಳಿ ಅಂದ್ರ ಕರಿ ಮನಿ. ಪಾಂಢರಿ ಒಂದು ಅಂದ್ರ ಸಿ, ಪಾಂಢರಿ ನಾಲ್ಕು ಅಂದ್ರ ಎಫ್. ಕಾಳಿ ಒಂದು ಸಿ ಶಾರ್ಪ್, ಕಾಳಿ ಎರಡು ಡಿ ಶಾರ್ಪ್, ಕಾಳಿ ಮೂರು ಎಫ್ ಶಾರ್ಪ್, ಕಾಳಿ ನಾಲ್ಕು ಜಿ ಶಾರ್ಪ್, ಕಾಳಿ ಐದು ಎ ಶಾರ್ಪ್. ಅದ ಕರಿ ಮನಿಗೆ ಬಲಗಡೆಯಿಂದ ಹೆಸರಿಟ್ರ ಫ್ಲಾಟ್, ಅಂದ್ರ ಎ ಶಾರ್ಪ್‌ನ ಬಿ ಫ್ಲಾಟ್.

ಇಲ್ಲೆ ಪೇಟಿ ಮಂದಿ ಒಂದು ಕಡೆ ಎಡವ್ತಾರ. ಸಿ ಅಂದ್ರ ಸಾ ಅಲ್ಲ. ಸಾ ಹಾಡೋರ ದನಿ ಜೋಡಿ ಸರಿದಾಡ್ತೈತಿ, ಗಂಡಸರು ಹೆಚ್ಚಾಗಿ ಕಾಳಿ ಒಂದು ಎರಡರಾಗ ಇಡ್ತಾರ, ಹೆಣ್ಮಕ್ಕಳು ಕಾಳಿ ನಾಲ್ಕು ಐದರ ಕಡೆ. ಸಿ ಮಾತ್ರ ಜಗತ್ತಿನ್ಯಾಗ ಎಲ್ಲೆ ಹೋದ್ರೂ ಅದ ಮನಿ. ಹಿಂಗಾಗಿ ಎರಡೂ ಹೆಸರು ಬ್ಯಾರೆ ಬ್ಯಾರೆ ಇಟ್ಕೊಳ್ರಿ, ಮನಿಗೆ ಸಿ ಡಿ ಇ, ಆ ರಾಗದಾಗ ಅದು ಮಾಡೋ ಕೆಲಸಕ್ಕ ಸಾ ರೇ ಗ. ಕಲಿಯೋ ಮುಂದ ಸಾ ಅನ್ನೋದು ಸಿ ಮ್ಯಾಲ ಇಟ್ಟು ಶುರು ಮಾಡ್ರಿ, ಆದ್ರ ಅದು ಅಲ್ಲೇ ಅಂಟಿಕೊಳ್ಳಬಾರದು.

ಬೆರಳು, ಅದರಾಗೂ ಎಡಗೈ

ಎರಡೂ ಕೈಯಾಗ ಹೆಬ್ಬೆರಳು 1, ಕಿರುಬೆರಳು 5. ಬೆರಳು ಬಾಗಿ ಇರ್ಲಿ, ಉಗುರು ಕತ್ತರಿಸಿ. ಪೇಟ್ಯಾಗ ಹೆಬ್ಬೆರಳು ಆಗೀಗ ಬಂದು ಹೋಗ್ತೈತಿ, ಪಿಯಾನೋದಾಗ ಎಲ್ಲಾ ಓಟನೂ ಅದರ ಮ್ಯಾಲ ನಿಂತೈತಿ.

ಸಿ ಮೇಜರ್ ಸ್ಕೇಲ್, ಅಂದ್ರ ಸಿ ಇಂದ ಮುಂದಿನ ಸಿ ತನಕ ಸಾಲಾಗಿ ಬಿಳಿ ಮನಿ, ಬಲಗೈಲೆ ಹಿಂಗ: ಸಿ ಮ್ಯಾಲ 1, ಡಿ ಮ್ಯಾಲ 2, ಇ ಮ್ಯಾಲ 3, ಈಗ ಹೆಬ್ಬೆರಳು ಅಂಗೈ ಕೆಳಗ ಹಾದು ಎಫ್ ಮ್ಯಾಲ 1, ಆಮ್ಯಾಲೆ ಜಿ 2, ಎ 3, ಬಿ 4, ಮ್ಯಾಲಿನ ಸಿ 5. ಆ ಹೆಬ್ಬೆರಳು ಹಾಯಿಸೋ ಜಾಗಾದಾಗ ಎಲ್ಲಾರೂ ಮೊಳಕೈ ಹೊರಗ ಎತ್ತಿ ಕೈ ಪೂರಾ ತಿರುವ್ತಾರ, ಎಫ್ ಮ್ಯಾಲ ಒಂದು ಧಡ್ ಅಂತ ಗುದ್ದು ಬೀಳ್ತೈತಿ. ಹಂಗಾಗಬಾರದಂದ್ರ, 2ನೇ ಬೆರಳು ಡಿ ಒತ್ತಿದ ಕೂಡಲೇ ಹೆಬ್ಬೆರಳು ಒಳಗ ಸರಿಯಾಕ ಶುರು ಮಾಡಬೇಕು, 3ನೇ ಬೆರಳು ಇ ಮ್ಯಾಲ ಇರೋ ಹೊತ್ತಿಗೆ ಅದು ಎಫ್ ಮ್ಯಾಲ ಬಂದು ತಯಾರ ಕುಂತಿರಬೇಕು. ಬರೇ ಇ-ಎಫ್, ಇ-ಎಫ್, 3-1, 3-1 ಅಂತ ಮೆಲ್ಲಕ ಮಾಡ್ತಾ ಹೋಗ್ರಿ, ಕಣ್ಣು ಮುಚ್ಚಿ ಕೇಳಿದ್ರ ಹೆಬ್ಬೆರಳು ಯಾವಾಗ ಬಿತ್ತು ಅಂತ ಗೊತ್ತಾಗಬಾರದು. ಸ್ಪೀಡ್ ಆಮ್ಯಾಲೆ.

ಎಡಗೈಲೆ ಅದ ಸ್ಕೇಲ್ ಏರೋ ಮುಂದ 5 4 3 2 1 ಅಂತ ಜಿ ತನಕ, ಆಮ್ಯಾಲೆ 3ನೇ ಬೆರಳು ಹೆಬ್ಬೆರಳ ಮ್ಯಾಲಿಂದ ದಾಟಿ ಎ, ಮತ್ತ 2, 1. ಎರಡೂ ಕೈ ಕೂಡಿಸಿ ಒಮ್ಮೆಲೇ ಏರಬೇಕಂದ್ರ ಹೆಬ್ಬೆರಳು ಬ್ಯಾರೆ ಬ್ಯಾರೆ ಟೈಮಿಗೆ ಬರ್ತಾವು, ತಲಿ ಕೆಡ್ತೈತಿ. ಅದಕ್ಕ ಮೊದಲು ಉಲ್ಟಾ ಮಾಡ್ರಿ: ಎರಡೂ ಹೆಬ್ಬೆರಳು ನಡುವಿನ ಸಿ ಮ್ಯಾಲ ಇಟ್ಟು, ಬಲಗೈ ಬಲಕ್ಕ ಏರ್ಲಿ, ಎಡಗೈ ಎಡಕ್ಕ ಇಳೀಲಿ. ಆಗ ಎರಡೂ ಕೈಯಾಗ 1 2 3 1 2 3 4 5 ಅಂತ ಒಂದ ಬೆರಳು ಒಂದ ಟೈಮಿಗೆ ಬರ್ತಾವು. ಇದು ಸಲೀಸಾದ ಮ್ಯಾಲ ಕೂಡಿ ಏರೋದು ಭಾಳ ಹಗುರ ಆಗ್ತೈತಿ.

ನಿಮಗ ಬರೋ ಪಲ್ಟಾ, ಅಂದ್ರ ಸ್ವರ ತಿರುವಿ ತಿರುವಿ ಹಾಡೋ ಅಭ್ಯಾಸ, ಎಲ್ಲಾ ಇಲ್ಲಿ ಉಪಯೋಗಕ್ಕ ಬರ್ತಾವು. ಸಾರೇಗ ರೇಗಮ ಗಮಪ ಅನ್ನೋದು ಎಡಗೈ ಒಂದರಲೆ ಬಾರಿಸ್ರಿ. ನಿಮ್ಮ ಬಲಗೈಗೆ ಇದು ಆಟ, ಎಡಗೈಗೆ ಶಿಕ್ಷಾ, ಅದಕ್ಕ ದಿನಾ ಮೊದಲ ಹತ್ತು ನಿಮಿಷ ಬಲಗೈ ಮಡ್ಲಾಗ ಇಟ್ಟು ಎಡಗೈಯಿಂದನ ಶುರು ಮಾಡ್ರಿ. ಆಮ್ಯಾಲೆ ಎಡಗೈ ಸಾ ಮತ್ತ ಪ ಎರಡನ್ನ ಮೆಲ್ಲಕ ತಿರುಗಿಸಿ ಒತ್ತುತಾ ಇರ್ಲಿ, ಬಲಗೈ ಪಲ್ಟಾ ಹೇಳ್ಲಿ. ರೊಟ್ಟಿ ಬಡಿಯೋ ಮುಂದ ಒಂದು ಕೈ ಬಡೀತೈತಿ ಇನ್ನೊಂದು ತಿರುವ್ತೈತಿ, ಎರಡಕ್ಕೂ ಲಯ ಒಂದ, ಹಂಗ ಇದು.

ಸ್ಕೇಲ್ ಅಂದ್ರ ಏನು

ಪಕ್ಕದ ಮನಿಗೆ ಹೋದ್ರ, ಕರಿ ಬಿಳಿ ಲೆಕ್ಕಿಲ್ಲ, ಒಂದು ಹೆಜ್ಜಿ. ಮೇಜರ್ ಸ್ಕೇಲ್ ಅಂದ್ರ 2 2 1 2 2 2 1 ಹೆಜ್ಜಿ. ಸಿ ಇಂದ ಹಚ್ಚಿದ್ರ ಎಲ್ಲಾ ಬಿಳಿ ಬರ್ತೈತಿ, ಜಿ ಇಂದ ಹಚ್ಚಿದ್ರ ಎಫ್ ಬದಲಿ ಎಫ್ ಶಾರ್ಪ್, ಎಫ್ ಇಂದ ಹಚ್ಚಿದ್ರ ಬಿ ಬದಲಿ ಬಿ ಫ್ಲಾಟ್. ಬಾಯಿಪಾಠ ಬ್ಯಾಡ, ಹೆಜ್ಜಿ ಎಣಿಸಿ ನೀವ ಕಟ್ರಿ. ಇದ ನಮ್ಮ ಬಿಲಾವಲ್ ಥಾಟ್, ಥಾಟ್ ಅಂದ್ರ ರಾಗಕ್ಕ ಮೂಲ ಆಗೋ ಏಳು ಸ್ವರದ ಜೋಡಣಿ.

ಇನ್ನ ಮಜಾ ಕೇಳ್ರಿ. ಬರೇ ಬಿಳಿ ಮನಿ ಮ್ಯಾಲ ಸಾ ಒಂದೊಂದ ಮನಿ ಮುಂದ ಸರಿಸ್ರಿ. ಸಿ ಇಂದ ಬಿಲಾವಲ್, ಡಿ ಇಂದ ಕಾಫಿ, ಇ ಇಂದ ಭೈರವಿ, ಎಫ್ ಇಂದ ಕಲ್ಯಾಣ, ಜಿ ಇಂದ ಖಮಾಜ್, ಎ ಇಂದ ಆಸಾವರಿ. ಇಂಗ್ಲಿಷ್ ಪುಸ್ತಕದಾಗ ಇವಕ್ಕ ಡೋರಿಯನ್, ಫ್ರಿಜಿಯನ್, ಲಿಡಿಯನ್, ಮಿಕ್ಸೋಲಿಡಿಯನ್ ಅಂತೆಲ್ಲಾ ಹೆಸರಿಟ್ಟು ಮುಂದಿನ ಕ್ಲಾಸಿಗೆ ಇಟ್ಟಿರ್ತಾರ, ನಮಗ ಅವು ಮೊದಲ ವಾರನ ಕಿವಿಗೆ ಸಿಗ್ತಾವು. ಆಸಾವರಿ ಥಾಟ್ ಅಂದ್ರನ ಅವರ ನ್ಯಾಚುರಲ್ ಮೈನರ್. ಬಿ ಇಂದ ಹಚ್ಚಿದ್ರ ಮಾತ್ರ ಪ ಜಾಗಾಕ್ಕ ಬರಂಗಿಲ್ಲ, ಅದಕ್ಕ ನಮ್ಮಲ್ಲಿ ಆ ಥಾಟ್ ಇಲ್ಲ. ಹಂಗ ಬರೇ ಕರಿ ಮನಿ ಐದ ತಗೊಳ್ರಿ: ಕಾಳಿ ಮೂರಕ್ಕ ಸಾ ಇಟ್ರ ಭೂಪ ರಾಗದ ಸ್ವರ, ಕಾಳಿ ಒಂದಕ್ಕ ಇಟ್ರ ದುರ್ಗಾ, ಕಾಳಿ ಐದಕ್ಕ ಇಟ್ರ ಮಾಲಕಂಸ. ಕೈಗೆ ದಣಿವಾದಾಗ ಎಡಗೈಲೆ ಆ ಸಾ ಹಿಡಿದು ಬಲಗೈಲೆ ಕರಿ ಮನಿ ಮ್ಯಾಲ ಅಡ್ಡಾಡ್ರಿ, ಬ್ಯಾರೆ ಸ್ವರಕ್ಕ ಕೈ ಹೋಗೋ ಮಾತ ಇಲ್ಲ. ರಾಗ ಅಂದ್ರ ಬರೇ ಸ್ವರ ಅಲ್ಲ ಅನ್ನೋದು ನಿಮಗ ನಾ ಹೇಳಬೇಕಾಗಿಲ್ಲ, ಧಾರವಾಡದವರ ಮುಂದ ಅದನ್ನ ಮರೆತು ಮಾತಾಡಿದ್ರ ಬೈಸ್ಕೋಬೇಕಾಗ್ತೈತಿ.

ಮತ್ತ ಮೀಂಡ್, ಅಂದ್ರ ಒಂದು ಸ್ವರದಿಂದ ಇನ್ನೊಂದಕ್ಕ ಜಾರೋದು, ಬರಂಗಿಲ್ಲ, ಆಸೆ ಬಿಡ್ರಿ. ಪಿಯಾನೋದ 12 ಮನಿ ಸಮ ಅಂತರಕ್ಕ ಕೂಡಿಸಿದ್ದು, ತಾನಪುರಾದಾಗ ತಾನ ಕೇಳೋ ಗಂಧಾರಕ್ಕಿಂತ ಪಿಯಾನೋದ ಗಂಧಾರ ಒಂದು ಕೂದಲೆಳಿ ಏರಿ ಇರ್ತೈತಿ, ಒಂದು ಹೆಜ್ಜಿಗೆ 100 ಸೆಂಟ್ ಅಂತ ಹಿಡಿದ್ರ ಈ ಫರಕು ಸುಮಾರು 14 ಸೆಂಟ್. ಪೇಟಿ ಮ್ಯಾಲಿನ ಜಗಳನೂ ಇದ ಆಗಿತ್ತು, ಮೀಂಡ್ ಇಲ್ಲ ಶ್ರುತಿ ಇಲ್ಲ ಅಂತ 1940ರಾಗ ಆಕಾಶವಾಣಿ ಪೇಟಿನ್ನ ಹೊರಗ ಇಟ್ಟಿತ್ತು, ಸಡಿಲ ಮಾಡಿದ್ದು 1971ರಾಗ. ಪಿಯಾನೋ ಆ ಜಗಳಕ್ಕ ಹೋಗಂಗ ಇಲ್ಲ, ಅದರ ಶಕ್ತಿ ಬ್ಯಾರೆ ಕಡೆ ಐತಿ, ಒಮ್ಮೆಲೇ ಹತ್ತಾರು ಸ್ವರ ಕೂಡಿಸೋದ್ರಾಗ.

ಕಾರ್ಡ್

ಸ್ಕೇಲಿನಾಗ ಒಂದು ಬಿಟ್ಟು ಒಂದು ಮೂರು ಸ್ವರ ಕೂಡಿಸಿ ಒತ್ತಿದ್ರ ಕಾರ್ಡ್. ಸಿ-ಇ-ಜಿ ಕೂಡಿದ್ರ ಸಿ ಮೇಜರ್, ಎಫ್-ಎ-ಸಿ ಎಫ್ ಮೇಜರ್, ಜಿ-ಬಿ-ಡಿ ಜಿ ಮೇಜರ್, ಎ-ಸಿ-ಇ ಎ ಮೈನರ್. ಮೇಜರ್ ಮೈನರ್ ಫರಕು ನಡುವಿನ ಸ್ವರದ್ದು: ಕೆಳಗಿಂದ 4 ಹೆಜ್ಜಿಗೆ ಇದ್ರ ಮೇಜರ್, 3 ಹೆಜ್ಜಿಗೆ ಇದ್ರ ಮೈನರ್, ಅಂದ್ರ ಶುದ್ಧ ಗ ಮತ್ತ ಕೋಮಲ ಗ, ಅಷ್ಟ.

ಇದನ್ನ ಎಡಗೈಲೆ ಹಿಡೀಬೇಕು. ಸಿ ಕಾರ್ಡಿಂದ ಎಫ್‌ಗೆ ಎಫ್‌ನಿಂದ ಜಿಗೆ ಕೈ ಎತ್ತಿ ಹಾರಬ್ಯಾಡ್ರಿ, ಅದ ಸ್ವರ ಬ್ಯಾರೆ ಕ್ರಮದಾಗ ಹಿಡೀರಿ. ಎಡಗೈ 5-3-1 ಬೆರಳು ಸಿ-ಇ-ಜಿ ಮ್ಯಾಲ ಇಡ್ರಿ. ಈಗ ಕಿರುಬೆರಳು ಸಿ ಬಿಟ್ಟು ಅಲುಗಾಡಬಾರದು, ಇ ಇದ್ದದ್ದು ಎಫ್‌ಗೆ, ಜಿ ಇದ್ದದ್ದು ಎಗೆ ಸರೀಲಿ, ಸಿ-ಎಫ್-ಎ, ಇದ ಎಫ್ ಕಾರ್ಡ್, ಬೆರಳು 5-2-1. ವಾಪಸ್ ಸಿ-ಇ-ಜಿ. ಈಗ ಹೆಬ್ಬೆರಳು ಜಿ ಮ್ಯಾಲ ಗಟ್ಟಿ, ಸಿ ಇದ್ದದ್ದು ಬಿಗೆ, ಇ ಇದ್ದದ್ದು ಡಿಗೆ ಇಳೀಲಿ, ಬಿ-ಡಿ-ಜಿ, ಇದು ಜಿ ಕಾರ್ಡ್. ಕೈ ಜಾಗಾ ಬಿಟ್ಟು ಹೋಗಿಲ್ಲ, ಮೂರು ಕಾರ್ಡ್ ಸಿಕ್ಕಾವು. ಇದಕ್ಕ ಇನ್ವರ್ಶನ್ ಅಂತಾರ. ಸಾದಾ ಭಾವಗೀತಿ, ಭಕ್ತಿಗೀತಿ, ಸಿನಿಮಾ ಹಾಡು ಮೇಜರ್ ಸ್ಕೇಲಿನಾಗ ಇದ್ವು ಅಂದ್ರ ಇವು ಮೂರು ಮತ್ತ ಎ ಮೈನರ್ ಸೇರಿದ್ರ ಭಾಳಷ್ಟು ದಾಟಿಸಬಹುದು. ಯಾವ ಕಾರ್ಡ್ ಎಲ್ಲಿ ಅಂತ ಹೆಂಗ ಗೊತ್ತಾಗ್ತೈತಿ ಅಂದ್ರ, ಸಮ್, ಅಂದ್ರ ತಾಳದ ಮೊದಲ ಮಾತ್ರಾ, ಬೀಳೋ ಜಾಗಾದಾಗ ಹಾಡು ಯಾವ ಸ್ವರದ ಮ್ಯಾಲ ನಿಂತೈತಿ ನೋಡ್ರಿ, ಆ ಸ್ವರ ಯಾವ ಕಾರ್ಡಿನಾಗ ಐತೋ ಅದನ್ನ ಮೊದಲು ಹಚ್ಚಿ ಕೇಳ್ರಿ, ಹೊಂದಲಿಲ್ಲ ಅಂದ್ರ ಇನ್ನೊಂದು.

ಖಯಾಲ್ ಬಂದಿಶಿಗೆ, ಅಂದ್ರ ಹಿಂದೂಸ್ತಾನಿ ರಾಗದ ಹಾಡಿಗೆ, ಮಾತ್ರ ಕಾರ್ಡ್ ಹಚ್ಚಾಕ ಹೋಗಬ್ಯಾಡ್ರಿ, ಇದು ನನ್ನ ಖಾಸಾ ಅಭಿಪ್ರಾಯ. ಯಮನದಾಗ ಎಡಗೈ ಸಾ-ಪ ಹಿಡಿದ್ರ ಸಾಕು, ಅದಕ್ಕಿಂತ ಹೆಚ್ಚು ಹಾಕಿದ್ರ ಸ್ವರ ಮುಚ್ಚಿ ಹೋಗ್ತೈತಿ.

ಲಯ ಮತ್ತ ಓದೋದು

ಲಯದ್ದು ನಮಗ ಹೆಚ್ಚು ಹೇಳೋದು ಬೇಕಿಲ್ಲ. ಕ್ವಾರ್ಟರ್ ನೋಟ್ ಅಂದ್ರ ಒಂದು ಮಾತ್ರಾ, ಹಾಫ್ ಎರಡು, ಹೋಲ್ ನಾಲ್ಕು, ಎಯ್ತ್ ಅಂದ್ರ ದುಗುನ್ (ಮಾತ್ರಾಕ್ಕ ಎರಡು), ಸಿಕ್ಸ್‌ಟೀಂತ್ ಅಂದ್ರ ಚೌಗುನ್ (ಮಾತ್ರಾಕ್ಕ ನಾಲ್ಕು). ಹಾಳಿ ಮ್ಯಾಲ 4/4 ಬರೆದಿದ್ರ ನಾಲ್ಕು ಮಾತ್ರಾಕ್ಕ ಒಂದು ಗೆರಿ, ಕೆಹರವಾ ತಾಳ ಹಾಕಿ ಬಾರಿಸಿದ್ರ ಹೊಂದ್ತೈತಿ. 6/8 ಇದ್ರ ದಾದ್ರಾ ತಾಳ ಗುಣುಗ್ರಿ. ಮೆಟ್ರೋನೋಮ್ ಆ್ಯಪ್ ಫುಕಟ್ ಸಿಗ್ತಾವು, 60ಕ್ಕ ಇಡ್ರಿ, ಅಂದ್ರ ಸೆಕೆಂಡಿಗೆ ಒಂದು. ತಪ್ಪಿಲ್ಲದ ಬಂದ್ರ 4 ಏರಿಸ್ರಿ, ತಪ್ಪಿದ್ರ ಇಳಿಸ್ರಿ. ತಬಲಾ ಲೂಪ್ ಹಚ್ಚಿ ಬಾರಿಸೋದು ಇನ್ನೂ ಚಂದ, ಮೆಟ್ರೋನೋಮಿಗೆ ಸಮ್ ಗೊತ್ತಿಲ್ಲ.

ಸ್ಟಾಫ್, ಅಂದ್ರ ಸ್ವರ ಬರೆಯೋ ಗೆರಿ, ಓದೋದು ನಿಜವಾಗ್ಲೂ ಹೊಸದು, ಇದಕ್ಕ ಅಡ್ಡದಾರಿ ಇಲ್ಲ. ಐದು ಗೆರಿ ಎರಡು ಸಾಲು, ಮ್ಯಾಲಿಂದು ಟ್ರೆಬಲ್, ಹೆಚ್ಚಾಗಿ ಬಲಗೈಗೆ, ಕೆಳಗಿಂದು ಬಾಸ್, ಎಡಗೈಗೆ. ಎಲ್ಲಾ ಗೆರಿ ಒಮ್ಮೆಲೇ ಬಾಯಿಪಾಠ ಮಾಡೋದು ಬಿಟ್ಟು ಮೂರು ಗುರ್ತು ಇಟ್ಕೊಳ್ರಿ. ಟ್ರೆಬಲ್ ಚಿಹ್ನೆ ಸುತ್ತು ಹಾಕಿ ಹಿಡಿದ ಕೆಳಗಿಂದ ಎರಡನೇ ಗೆರಿ ಜಿ. ಬಾಸ್ ಚಿಹ್ನೆಯ ಎರಡು ಚುಕ್ಕಿ ನಡುವಿನ ಗೆರಿ, ಕೆಳಗಿಂದ ನಾಲ್ಕನೇದು, ಎಫ್. ಎರಡೂ ಸಾಲಿನ ನಡುವ ಸಣ್ಣ ಗೆರಿ ಎಳೆದು ಕುಂದರಿಸಿದ್ದು ನಡುವಿನ ಸಿ. ಉಳಿದ ಸ್ವರ ಇವುಗಳಿಂದ ಎಣಿಸ್ರಿ, ಗೆರಿ, ಸಂದು, ಗೆರಿ, ಸಂದು. ದಿನಾ ಹೊಸದು ನಾಲ್ಕು ಸಾಲು, ಕೈಲೆ ಬಾರಿಸೋಕ್ಕಿಂತ ಮೊದಲು ಬಾಯಿಲೆ ಹೆಸರು ಹೇಳ್ಕೋತ ಓದ್ರಿ. ಕಿವಿ ಚುರುಕಿದ್ದವರಿಗೆ ಇದು ಬ್ಯಾಸರ, ಒಮ್ಮೆ ಕೇಳಿದ್ದನ್ನ ಬಾರಿಸಿ ಬಿಡ್ತಾರ, ಹಾಳಿ ನೋಡಂಗ ಇಲ್ಲ, ಆದ್ರ ಎರಡೂ ಕೈಗೆ ಬ್ಯಾರೆ ಬ್ಯಾರೆ ಬರೆದ ಪೀಸ್ ಬಂದಾಗ ಕಿವಿ ಒಂದರಿಂದ ಸಾಗಂಗಿಲ್ಲ.

ದಿನಾ ಎಷ್ಟು, ಯಾರ ಕಡೆ

ಅರ್ಧ ತಾಸು ದಿನಾ, ಐತವಾರ ಎರಡು ತಾಸು ಅನ್ನೋದಕ್ಕಿಂತ ಚಲೋ. ಮೊದಲ ತಿಂಗಳು ಮನಿ ಗುರ್ತು, ಉಲ್ಟಾ ಸ್ಕೇಲ್, ಎಡಗೈ ಪಲ್ಟಾ. ಎರಡನೇ ತಿಂಗಳು ಮೂರು ಕಾರ್ಡ್, ಸ್ಟಾಫಿನ ಮೂರು ಗುರ್ತು. ಮೂರನೇದಕ್ಕ ಎಡಗೈ ಕಾರ್ಡ್ ಬಲಗೈ ಹಾಡು ಕೂಡಿಸೋದು, ಜಿ ಮತ್ತ ಎಫ್ ಮೇಜರ್. ಎಫ್ ಮೇಜರ್ ಬಲಗೈದಾಗ ಹೆಬ್ಬೆರಳು 4 ಆದಮ್ಯಾಲ ಹಾಯ್ತೈತಿ, ಬಿ ಫ್ಲಾಟ್ ಕರಿ ಮನಿ ಸಲುವಾಗಿ, ನೆನಪಿರ್ಲಿ. ಕೀಬೋರ್ಡ್‌ನ ಟ್ರಾನ್ಸ್‌ಪೋಸ್ ಬಟನ್ (ಎಲ್ಲಾ ಮನಿ ಶ್ರುತಿ ಒಮ್ಮೆಲೇ ಸರಿಸೋದು) ಮುಟ್ಟಬ್ಯಾಡ್ರಿ, ಕಾಳಿ ನಾಲ್ಕರಾಗ ಹಾಡೋರಿಗೆ ಸಾಥ್ ಕೊಡೋ ದಿನ ಅದು ಬೇಕಾಗ್ತೈತಿ, ಕಲಿಯೋ ಮುಂದ ಅಲ್ಲ. ಪೆಡಲ್ ಕಾಲಿಗೆ ಹಚ್ಚೋದೂ ಮೂರನೇ ತಿಂಗಳ ಮ್ಯಾಲ, ಮೊದಲ ಹಚ್ಚಿದ್ರ ಬೆರಳಿನ ಹುಳುಕು ಎಲ್ಲಾ ಅದರಾಗ ಮುಚ್ಚಿ ಹೋಗ್ತೈತಿ.

ಗುರುಗಳು ಬೇಕೋ ಅಂದ್ರ ಬೇಕು, ದಿನಾ ಅಲ್ಲ. ವಾರಕ್ಕೊಮ್ಮೆ ಕೈ ನೋಡೋರು ಒಬ್ಬರು ಇರ್ಲಿ, ಮಣಿಕಟ್ಟು ಬಿಗಿ ಆಗಿದ್ದು ಯೂಟ್ಯೂಬಿಗೆ ಕಾಣಂಗಿಲ್ಲ. ಕೇಳಬೇಕಾದ ಪ್ರಶ್ನೆ: ಎಡಗೈಗೆ ಸ್ಟಾಫ್ ನೋಡಿ ಕಲಿಸ್ತೀರೋ, ಇಲ್ಲಾ ಕೀಬೋರ್ಡಿನ ಆಟೋ ರಿದಮ್ ಹಾಕಿ ಬಲಗೈಲೆ ಹಾಡು ಕಲಿಸ್ತೀರೋ? ಎರಡನೇದಾದ್ರ ಅದು ಭಾತೆ ಇಲ್ಲದ ಪೇಟಿ, ಪಿಯಾನೋ ಅಲ್ಲ. ಬಾಸೆಲ್ ಮಿಷನ್‌ದವರು 1837ರಾಗ ಧಾರವಾಡಕ್ಕ ಬಂದಾಗಿಂದ ಇಲ್ಲಿ ಚರ್ಚಿನ ಹಾಡಿನ ರೂಢಿ ಐತಿ, ಚರ್ಚಿನಾಗ ನಾಲ್ಕು ದನಿ ಹಾಡಿಗೆ ಕೀಬೋರ್ಡ್ ಬಾರಿಸೋರು ಪರಿಚಯ ಇದ್ರ ಅವರನ್ನೂ ಕೇಳ್ರಿ, ಎಡಗೈ ಅವರಿಗೆ ಚಲೋ ಗೊತ್ತಿರ್ತೈತಿ.

ಸರ್ಟಿಫಿಕೇಟ್ ಬೇಕನ್ನೋರಿಗೆ ಟ್ರಿನಿಟಿ ಕಾಲೇಜ್ ಲಂಡನ್, ಎಬಿಆರ್‌ಎಸ್‌ಎಂ ಅಂತ ಎರಡು ಪರೀಕ್ಷಾ ಬೋರ್ಡ್ ಅದಾವು, ಎರಡರಾಗೂ 1ರಿಂದ 8 ಗ್ರೇಡ್. ಎಬಿಆರ್‌ಎಸ್‌ಎಂದಾಗ 6ನೇ ಗ್ರೇಡಿಗೆ ಕುಂದರಬೇಕಂದ್ರ 5ನೇ ಗ್ರೇಡ್ ಥಿಯರಿ (ಇಲ್ಲಾ ಅದರ ಬದಲಿ ಅವರು ಒಪ್ಪೋ ಪ್ರಾಕ್ಟಿಕಲ್ ಮ್ಯೂಸಿಶಿಯನ್‌ಶಿಪ್, ಜಾಝ್ ಪರೀಕ್ಷಾ) ಪಾಸ್ ಆಗಿರಬೇಕು, ಹಿಂಗಾಗಿ ಥಿಯರಿ ಆಮ್ಯಾಲೆ ನೋಡೋಣ ಅಂತ ಬಿಟ್ಟವರು ಅಲ್ಲೇ ಸಿಕ್ಕೊಂಡು ನಿಲ್ತಾರ. ಮೊದಲ ವರ್ಷ ಪರೀಕ್ಷಾ ವಿಚಾರ ಬ್ಯಾಡ, ಗ್ರೇಡ್ ಒಂದರ ಸಿಲೆಬಸ್ ಒಮ್ಮೆ ತೆಗೆದು ನೋಡ್ರಿ, ಅದರಾಗಿನ ಸ್ಕೇಲು ನಿಮ್ಮ ಎಡಗೈಗೆ ಬಂದಾವು ಅಂದ್ರ ಫಾರ್ಮ್ ತುಂಬ್ರಿ.